ಸಹಿ ಬೀಳದ ಕೌದಿ

ನಮ್ಮ ಚಿಕ್ಕಮ್ಮ ಹೊಲಿದ ಕೌದಿ ಹೊದೆಯಬೇಕಾದರೆ ಚಳಿಯಾದರಷ್ಟೇ ಸಾಲದು, ಓದಲೂ ಬರಬೇಕು! ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ಕೌದಿಗೆ ಚೀಟಿ ಹಚ್ಚುವ ಹುಚ್ಚು ಇಡೀ ಹೊನ್ನಾಳಿಯಲ್ಲಿ ಇವಳೊಬ್ಬಳಿಗೇ. ಪಂಚೆಯ ಅಂಚಿನಿಂದ ಗೇಣುದ್ದದ ಬಿಳಿ ಪಟ್ಟಿ ಹರಿದು, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದು, ಬರೆದದ್ದರ ಮೇಲೆ ಕೆಂಪು ದಾರದ ಹೊಲಿಗೆ ಹಾಕಿ ಕೌದಿಯ ಬೆನ್ನಿಗೆ ಕೂರಿಸುತ್ತಾಳೆ. ಯಾರಿಗೆ ಕೊಟ್ಟಿದ್ದು, ಯಾರ ಬಟ್ಟೆ, ಹೇಗೆ ಒಗೆಯಬೇಕು, ಎಲ್ಲ ಅದರಲ್ಲಿರುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಹೇಗೋ ಬದುಕಿಕೊಳ್ಳುತ್ತಿದ್ದೆವು. ಕೊನೆಯಲ್ಲಿ ತನ್ನ ಅಭಿಪ್ರಾಯವನ್ನೂ ಹೊಲಿಯುತ್ತಾಳೆ.

ನ್ಯಾಮತಿಯಲ್ಲಿರುವ ತನ್ನ ಮೈದುನನಿಗೆ ಕೊಟ್ಟ ಕೌದಿಯ ಮೇಲೆ ಹೀಗಿತ್ತು: 'ಕಲ್ಲಿಗೆ ಬಡಿದು ಒಗೆಯಬಾರದು. ನಾಯಿಗೆ ಹಾಸಬಾರದು. ಹಾಸಿದರೆ ನನಗೆ ಗೊತ್ತಾಗುತ್ತದೆ.' ಪಾಪ, ಅಡಿಕೆ ವ್ಯಾಪಾರದ ಮನುಷ್ಯ, ಚೀಟಿ ಓದುವ ಪುರುಸೊತ್ತು ಅವರಿಗೆಲ್ಲಿ? ಮನೆಗೆ ಬಂದ ಬೀಗರಿಗೆ ಅದನ್ನೇ ಹಾಸಿಕೊಟ್ಟರು. ಬೀಗರು ಓದಿದರು. ಕೌದಿಯನ್ನು ಪಕ್ಕಕ್ಕೆ ಸರಿಸಿ ಬರೀ ಚಾಪೆಯ ಮೇಲೆ ಮುದುಡಿ ಮಲಗಿದರಂತೆ. ಬೆಳಿಗ್ಗೆ ನೋಡಿದರೆ ಕೌದಿಯ ಮೇಲೆ ನಾಯಿ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು!

ಜಗಳೂರಿನ ಹತ್ತಿರ ಬಿಳಿಚೋಡಿನಲ್ಲಿ ನೆಂಟರೊಬ್ಬರ ಮಗುವಿಗೆ ಹೆಸರಿಡುವ ದಿನ ಇನ್ನೂ ದೊಡ್ಡ ಅನಾಹುತವಾಯಿತು. ಕುರಿ ಸಾಕುವ ಮನೆ, ಕಂಬಳಿಗೆ ಬರವಿಲ್ಲ, ಕೌದಿ ಯಾಕೆ ಎಂದು ನಾನು ಮೊದಲೇ ಕೇಳಿದ್ದೆ. ಕಂಬಳಿ ಮೇಲೆ ಏನು ಬರೆಯಲಿಕ್ಕಾಗುತ್ತದೆ ಎಂದು ನನ್ನನ್ನೇ ತಿರುಗಿ ಕೇಳಿದಳು. ತೊಟ್ಟಿಲಿಗೆ ಹಾಸಿದ ಪುಟ್ಟ ಕೌದಿಯ ಚೀಟಿಯನ್ನು ಯಾರೋ ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟರು: 'ಹಸಿರು ತುಂಡು ಸೋದರಮಾವನ ಅಂಗಿಯದು. ಬಟ್ಟೆ ಗಟ್ಟಿ. ಬುದ್ಧಿ ಮಾತ್ರ ಮಾವನದು ಬರದಿರಲಿ.' ಸೋದರಮಾವ ಎಲೆಯ ಮುಂದಿನಿಂದ ಎದ್ದುಹೋದ. ಅವನನ್ನು ಮತ್ತೆ ಊಟಕ್ಕೆ ಕೂರಿಸುವಷ್ಟರಲ್ಲಿ ಮೂವರಿಗೆ ಗಂಟಲು ಬಿದ್ದುಹೋಗಿತ್ತು. ಚಿಕ್ಕಮ್ಮ ಮಾತ್ರ ಎರಡನೇ ಹೋಳಿಗೆಗೆ ತುಪ್ಪ ಕೇಳುತ್ತಿದ್ದಳು.

ಈ ರೋಗ ಎಲ್ಲಿಂದ ಹತ್ತಿತು ಎಂದು ಅವ್ವ ಹೇಳುತ್ತಿದ್ದಳು. ಅಕ್ಕತಂಗಿಯರಿಬ್ಬರಿಗೂ ಚಿಕ್ಕಂದಿನಲ್ಲಿ ಒಂದೇ ಕೌದಿ. ನಿದ್ದೆಗಣ್ಣಿನಲ್ಲಿ ಅವ್ವ ಪೂರ್ತಿ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಎರಡನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಲು ಬಂದದ್ದೇ ತಡ, ಚಿಕ್ಕಮ್ಮ ತನ್ನ ಕಡೆಯ ಅಂಚಿಗೆ ಜೀವನದ ಮೊದಲ ಚೀಟಿ ಹೊಲಿದಳಂತೆ: 'ಇದು ನನ್ನದು. ಅಕ್ಕ ಎಳೆಯಬಾರದು.' ಅವ್ವ ಎಳೆಯುವುದನ್ನು ಬಿಡಲಿಲ್ಲ, ಇವಳು ಹೊಲಿಯುವುದನ್ನು ಬಿಡಲಿಲ್ಲ.

ಚೀಟಿಯದೇ ಇಷ್ಟು ದೊಡ್ಡ ಕಥೆಯಾದರೆ ಸಹಿಯದು ಕೇಳಬೇಡಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಜೋಳದ ಕಾಳು ಹಾಕಬೇಕು, ಏಕೆಂದರೆ ಹಸಿದ ಕೌದಿ ಬೆಚ್ಚಗಿಡುವುದಿಲ್ಲ. ಆಮೇಲೆ ಮೂಲೆ ಮುಚ್ಚಿ ಅದರ ಮೇಲೆ ಮೂರೇ ಹೊಲಿಗೆಯಲ್ಲಿ ಒಂದು ಕೆಂಪು ಕೋಳಿಹೆಜ್ಜೆ. ಅದೇ ಅವಳ ಸಹಿ. ಸಹಿ ಬಿತ್ತೋ, ಹೊತ್ತು ಮುಳುಗುವುದರೊಳಗೆ ಕೌದಿ ಮನೆ ಬಿಡಬೇಕು! ಹೊಲಿದವರ ಮನೆಯಲ್ಲಿ ಸಹಿಯಾದ ಕೌದಿ ಒಂದು ರಾತ್ರಿಯೂ ಇರಕೂಡದು. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದರೆ ತನ್ನ ಶಾಸ್ತ್ರದಲ್ಲಿ ಎನ್ನುತ್ತಾಳೆ. ಒಮ್ಮೆ ಒಯ್ಯುವವರು ಬರಲಿಲ್ಲವೆಂದು ಕೌದಿ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, ಗುರುತಿಲ್ಲದ ಕಂಡಕ್ಟರನ ತೊಡೆಯ ಮೇಲಿಟ್ಟು ಬಂದಿದ್ದಳು. ವಿಳಾಸವಂತೂ ಚೀಟಿಯ ಮೇಲೇ ಇತ್ತಲ್ಲ.

ಇಷ್ಟೆಲ್ಲ ನಗಾಡುತ್ತ ಹೇಳುತ್ತಿರುವ ನನ್ನ ಗತಿ ಏನೆಂದು ಕೇಳಿ. ಒಂಬತ್ತು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಅವಳ ಐದು ನೂಲಿನ ಸೀರೆಗಳನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ನನಗೊಂದು ಕೌದಿ ಮಾಡಿಕೊಡು ಎಂದಿದ್ದೆ. ಅವ್ವನದೆಂದು ನನಗೆ ಬೇಕಾಗಿದ್ದುದು ಅದೊಂದೇ. ಊರಿಗೆಲ್ಲ ಹದಿನೈದು ದಿನದಲ್ಲಿ ಹೊಲಿದುಕೊಡುವವಳು ನನಗೆ ಒಂಬತ್ತು ವರ್ಷ ನೆಪ ಹೇಳಿದಳು. ಒಮ್ಮೆ ದಾರದ ಬಣ್ಣ ಕೂಡಲಿಲ್ಲ, ಒಮ್ಮೆ ಆಷಾಢ, ಒಮ್ಮೆ ಬೆರಳು ನೋವು. ಟೀಚರಾಗಿ ಮಕ್ಕಳ ಎಷ್ಟೋ ಸುಳ್ಳು ಕೇಳಿದ್ದೇನೆ, ಇಷ್ಟು ಸಲೀಸಾಗಿ ಹೇಳುವವರನ್ನು ಕಂಡಿಲ್ಲ. ಚನ್ನಗಿರಿಯಿಂದ ಪ್ರತಿ ರಜೆಗೂ ಹೋಗುತ್ತಿದ್ದೆ. ಕೌದಿ ಪೂರ್ತಿ ಆಗಿರುತ್ತಿತ್ತು, ಅಂಗೈಯಗಲ ಮೂಲೆಯೊಂದು ಬಿಟ್ಟು. ನಾನು ಬಾಯಿ ತೆರೆಯುವ ಮೊದಲೇ ಹೊಲಿಗೆ ಸೊಟ್ಟಗಾಗಿದೆಯೆಂದು ಎರಡು ಗೇಣು ಬಿಚ್ಚಿಬಿಡುತ್ತಿದ್ದಳು. ಉಳಿದ ಬಟ್ಟೆಗಳೆಲ್ಲ ಟ್ರಂಕಿನಲ್ಲಿದ್ದರೆ ಇದೊಂದು ಮಾತ್ರ ಅವಳ ಮಂಚದ ಮೇಲೇ ಇರುತ್ತಿತ್ತು, ಹೊಲಿಯಲು ಕೈಗೆ ಸಿಗಲಿ ಎಂದಂತೆ. ನಾನು ನಂಬಿದೆ. ಪಾಠ ಹೇಳುವವರಿಗೆ ಬುದ್ಧಿ ಇರಲೇಬೇಕೆಂದು ಎಲ್ಲಿದೆ?

ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ಅವಳಿಗೆ ಮಕ್ಕಳಿಲ್ಲ, ಚಿಕ್ಕಪ್ಪ ಹೋಗಿ ಬಹಳ ಕಾಲವಾಯಿತು, ಹಾಗಾಗಿ ನೋಡಿಕೊಳ್ಳಲು ನಾನೇ ಹೋದೆ. ಮೂರನೇ ದಿನ ಮಧ್ಯಾಹ್ನ ಕಣ್ಣಿಗೆ ಹನಿ ಹಾಕಿಸಿಕೊಂಡು, ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಕಾಲ ಬಳಿ ನನ್ನ ಕೌದಿ. ಒಂಬತ್ತು ವರ್ಷದ ಸಿಟ್ಟು ನೆತ್ತಿಗೇರಿತು. ಮೆಲ್ಲಗೆ ಎಳೆದುಕೊಂಡು ಪಡಸಾಲೆಗೆ ಹೋಗಿ, ಆ ಮೂಲೆಯನ್ನು ಹೊಲಿದು ಮುಚ್ಚಿ, ಕೆಂಪು ದಾರದಲ್ಲಿ ಕೋಳಿಹೆಜ್ಜೆಯನ್ನೂ ಹಾಕಿಬಿಟ್ಟೆ. ಕಳ್ಳಸಹಿ! ಅಂಕಪಟ್ಟಿಗೆ ಅಪ್ಪನ ಸಹಿ ತಾವೇ ಹಾಕಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಇದು.

ಅವಳು ಎದ್ದ ಮೇಲೆ, ಆಪರೇಷನ್ನಿಗೆ ಮುಂಚೆಯೇ ಸಹಿ ಹಾಕಿ ಮರೆತಿದ್ದೀಯಲ್ಲ ಎಂದು ಹೇಳಿ ಮೂಲೆಯನ್ನು ಅವಳ ಕೈಗೆ ಕೊಟ್ಟೆ. ಬೆರಳಿನಿಂದ ಆ ಮೂಲೆಯನ್ನು ಒತ್ತಿ ಒತ್ತಿ ನೋಡಿದಳು.

"ಗಂಟೆ ಎಷ್ಟಾತು?" ಅಂದಳು.

"ಮೂರೂವರೆ."

"ಹಂಗಾದ್ರೆ ಹೊರಡು. ಹೊತ್ತು ಮುಳುಗಾಕೆ ಮುಂಚೆ ಕೌದಿ ಮನೆ ಬಿಡ್ಬೇಕು."

ಕಣ್ಣಿಗೆ ಹನಿ ಹಾಕುವವರು ಯಾರು ಎಂದರೆ ಪಕ್ಕದ ಮನೆಯವರಿದ್ದಾರೆ ಎಂದಳು. ನಾನು ಹೊರಟೇಬಿಟ್ಟೆ ನೋಡಿ. ಕಣ್ಣು ಕಟ್ಟಿಕೊಂಡ ಹೆಂಗಸನ್ನು ಬಿಟ್ಟು, ಗೆದ್ದವಳ ಹಾಗೆ ಕೌದಿ ಎದೆಗವುಚಿಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಬಿಸಿಲಿಗೆ ಹಾಕುವಾಗ ಆ ಮೂಲೆಯಲ್ಲಿ ಏನೋ ಗಂಟಿನಂತೆ ಕೈಗೆ ಸಿಕ್ಕಿತು. ಸೂಜಿ ಒಳಗೇ ಉಳಿಯಿತೇನೋ ಎಂದು ಹೆದರಿ ಒಂದು ಬದಿ ಬಿಚ್ಚಿದೆ. ಮಡಚಿದ ಬಿಳಿ ಪಟ್ಟಿ. ಚೀಟಿ ಮೊದಲೇ ಹೊಲಿದು, ತೆರೆದ ಮೂಲೆಯೊಳಗೆ ಆಳಕ್ಕೆ ತುರುಕಿ ಇಟ್ಟಿದ್ದಳು. ಕೆಂಪು ದಾರ ಮಾಸಿ ಹೋಗಿತ್ತು.

'ಅಕ್ಕನ ಮಗಳಿಗೆ. ಅಕ್ಕನ ಐದು ಸೀರೆ. ಇನ್ನು ಸ್ವಲ್ಪ ದಿನ ನನ್ನ ಹತ್ತಿರ ಇರಲಿ.'

ಅಭಿಪ್ರಾಯವಿಲ್ಲದ ಚೀಟಿ ನಾನು ಕಂಡದ್ದು ಅದೊಂದೇ. ಅಂಗಳದಲ್ಲೇ ಕೂತು ಅತ್ತೆ. ಅವ್ವ ನನಗೆ ಮಾತ್ರ ಸತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ, ಒಂಬತ್ತು ವರ್ಷ! ಆಮೇಲೆ ಬ್ಲೇಡು ತಂದು ನನ್ನ ಕಳ್ಳಸಹಿಯನ್ನು ಬಿಚ್ಚಿದೆ. ಮೂರು ಹೊಲಿಗೆ ಹಾಕಲು ಮೂರು ನಿಮಿಷ ಬೇಕಾಗಿರಲಿಲ್ಲ. ಬಟ್ಟೆ ಹರಿಯದಂತೆ ಬಿಚ್ಚಲು ಅರ್ಧ ಗಂಟೆ ಹಿಡಿಯಿತು.

ಹೊನ್ನಾಳಿ ತಲುಪಿದಾಗ ಮಧ್ಯಾಹ್ನ. ಹಿಂದಿನ ರಾತ್ರಿ ಅವಳು ಕೂತೇ ಕಳೆದಳೆಂದು ಪಕ್ಕದ ಮನೆಯವರು ಬಾಗಿಲಲ್ಲೇ ಹೇಳಿದರು. ಕಣ್ಣಿನ ಬಟ್ಟೆ ತೆಗೆದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಬರೀ ಮಂಚದ ಮೇಲೆ ಕೂತಿದ್ದಳು. ಕೌದಿಯನ್ನು ಅವಳ ಮಡಿಲಲ್ಲಿಟ್ಟೆ.

"ಚಿಕ್ಕಮ್ಮ, ಇದು ಇನ್ನೂ ಮುಗಿದಿಲ್ಲ."

ಮೂಲೆ ಹುಡುಕಿ ಬೆರಳಾಡಿಸಿದಳು. "ನಿನ್ನೇನೇ ಗೊತ್ತಾತು ನಂಗೆ. ಒಳಗೆ ಕಾಳಿರ್ಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ರು ಕಣವ್ವ, ಕೈಗೆ ಕಟ್ಟಿರ್ಲಿಲ್ಲ."

ಮತ್ತೆ ನನ್ನನ್ನು ಯಾಕೆ ಕಳಿಸಿದೆ ಎಂದು ಕೇಳಿದೆ. ನಿನ್ನ ತಾಯಿಯದು ನೀನು ಕೇಳಿದರೆ ನಾನು ಹೇಗೆ ಇಲ್ಲವೆನ್ನಲಿ ಎಂದು ಗೋಡೆಗೆ ಹೇಳುವಂತೆ ಹೇಳಿದಳು. ಆಮೇಲೆ ತಲೆದಿಂಬಿನ ಕೆಳಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಅಲ್ಲಾಡಿಸಿದಳು. ನಾಲ್ಕೇ ಕಾಳಿನ ಸದ್ದು.

"ಇದ್ರಾಗೆ ಐತೆ. ನಾನು ಹೋದ ಮೇಲೆ ನೀನೇ ಹಾಕು. ಸಹಿನೂ ನೀನೇ ಹಾಕ್ಕ. ಹೆಂಗೂ ಬರುತ್ತಲ್ಲ ನಿಂಗೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕೌದಿ ನನ್ನದಾಗುವ ದಿನ ಅವ್ವನ ಹಾಗೆ ಇವಳೂ ಇರುವುದಿಲ್ಲ. ಇನ್ನು ಯಾವ ಬಾಯಲ್ಲಿ ಬೇಗ ಕೊಡು ಎಂದು ಕೇಳಲಿ? ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಗಳಿಗೆ ಮಲಗು ಎಂದು ಮಂಚದಲ್ಲಿ ಜಾಗ ಮಾಡಿದಳು. ಹೊರಗೆ ರಣರಣ ಬಿಸಿಲು, ಫ್ಯಾನಿಗೆ ಕರೆಂಟಿಲ್ಲ. ಆದರೂ ಇಬ್ಬರೂ ಕೌದಿ ಹೊದ್ದು ಮಲಗಿದೆವು. ಕಣ್ಣು ಮುಚ್ಚಿಕೊಂಡೇ ಅವಳು ಅಂಚು ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ನನ್ನ ಕಡೆ ಉಳಿದಿದ್ದನ್ನೂ ನಾನು ಅವಳ ಮೇಲೆ ಸರಿಸಿದೆ.