ನಮ್ಮ ಮಾಮಾನ ನಾಲ್ಕನೆಯ ಸತ್ಯ

ನಮ್ಮ ಸೋದರಮಾವನ ಧಮ್ಮೋಪದೇಶ ಕೇಳಲು ಬಿಳಿ ಅಂಗಿ ತೊಟ್ಟು ಹೋಗಬಾರದು! ಆದರೆ ಬಂಕಾಪುರದ ನಮ್ಮ ಬುದ್ಧವಿಹಾರಕ್ಕೆ ಹುಣ್ಣಿಮೆಯ ದಿನ ಬರುವವರೆಲ್ಲ ಬಿಳಿಯನ್ನೇ ಉಟ್ಟಿರುತ್ತಾರೆ, ಏನು ಮಾಡುವುದು? ಮಾಮಾನ ಬಾಯಿ ತುಂಬ ಸವಣೂರಿನ ವೀಳ್ಯದೆಲೆ, ಅದರೊಳಗೆ ತಂಬಾಕು. ಊರಿನವರ ಹಾಗೆ "ದುಕ್ಕ" ಎಂದರೆ ಆತನಿಗೆ ಸಾಲದು, ಶುದ್ಧವಾಗಿ "ದುಃಖ" ಎನ್ನಲೇಬೇಕು. ಆ ವಿಸರ್ಗಕ್ಕೆ ಮುಂದಿನ ಸಾಲಿನವರ ಎದೆಯೆಲ್ಲ ಕೆಂಪು! ಜಗತ್ತಿನಲ್ಲಿ ದುಃಖವಿದೆ ಎಂಬುದನ್ನು ಇಷ್ಟು ಬೇಗ ಮನವರಿಕೆ ಮಾಡಿಕೊಟ್ಟವರು ಇನ್ನಾರಿದ್ದಾರೆ? "ಆಶೇನ ದುಃಖಕ್ಕ ಮೂಲ" ಎಂದು ಮುಗಿಸಿದವನೇ ಪಾನ್ ಅಂಗಡಿಗೆ ಓಡುತ್ತಿದ್ದ.

ಹೋದ ವರ್ಷ ಆತನ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿತು. ಹುಬ್ಬಳ್ಳಿಯ ಡಾಕ್ಟರು, "ಎಲಿ-ತಂಬಾಕ ಬಿಡ್ರಿ. ಇಲ್ಲಂದ್ರ ಕ್ಯಾನ್ಸರ್ ಆಗಬಹುದು" ಎಂದರು. ಅತ್ತೆ ಅಂದಿನಿಂದ ರೊಟ್ಟಿ ಮುರಿಯುತ್ತಿದ್ದಳೇ ಹೊರತು ಬಾಯಿಗೆ ಇಡುತ್ತಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಮಾಮಾ, ನಾಲ್ಕು ಸತ್ಯ ನಿನಗ ಯಾರು ಹೇಳಬೇಕು?" ಎಂದೆ.

"ಗೊತ್ತೈತಲೇ! ದುಃಖ ಐತಿ, ಅದಕ್ಕ ಕಾರಣ ಐತಿ, ಅದನ್ನ ಕಳೀಬಹುದು, ಕಳಿಯೋ ದಾರಿನೂ ಐತಿ. ಆದರ ಆ ದಾರಿ ಮ್ಯಾಲ ಪಾನ್ ಅಂಗಡಿ ಐತಲ್ಲ!"

"ಹಂಗಾದ್ರ ದಾರಿ ಬದಲು ಮಾಡ್ರಿ!" ಎಂದಳು ಅತ್ತೆ, ಅಡುಗೆಮನೆಯಿಂದಲೇ.

ಪುಣ್ಯಾತ್ಮ ಬದಲು ಮಾಡಿಯೇಬಿಟ್ಟ! ಬಸ್ ನಿಲ್ದಾಣಕ್ಕೆ ಹೋಗಲು ಕೋಟೆಯ ಹಿಂದಿನಿಂದ, ಅಲ್ಲಿನ ನವಿಲುಗಳನ್ನು ಮಾತಾಡಿಸುತ್ತ, ಊರು ಸುತ್ತತೊಡಗಿದ. ಶಿಗ್ಗಾಂವಿಯ ಬಸ್ಸುಗಳು ಒಂದಾದ ಮೇಲೊಂದು ತಪ್ಪಿದವು. "ಎಲ್ಲಿಗ್ರೀ ಗುರುಗಳ, ಈ ಕಡೆ?" ಎಂದರೆ, "ಅಷ್ಟಾಂಗ ಮಾರ್ಗದಾಗ ಹೊಂಟೇನಿ. ಸ್ವಲ್ಪ ದೂರ ಆಕ್ಕೈತಿ" ಎನ್ನುತ್ತಿದ್ದ. ಬಾಯಿ ಚಡಪಡಿಸಿದರೆ ಲವಂಗ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಬೈಯಲು ಬಾಯಿ ತೆರೆದವನು "ಸಮ್ಯಕ್ ವಾಕ್, ಸಮ್ಯಕ್ ವಾಕ್" ಎಂದು ಗೊಣಗಿ ಮುಚ್ಚಿಕೊಳ್ಳುತ್ತಿದ್ದ.

ಮೊನ್ನೆ ಮತ್ತೆ ಡಾಕ್ಟರಿಗೆ ತೋರಿಸಬೇಕಿತ್ತು. ಮಾಮಾ ಹಳೆಯ ದಾರಿಯಲ್ಲೇ ಹೊರಟ. ಹಿಂದೆ ನಾನು ಮತ್ತು ಅತ್ತೆ. ಪಾನ್ ಅಂಗಡಿಯಾತ, "ಬರ್ರಿ ಗುರುಗಳ! ಎಲಿ ಈಗ ಬಂದಾವ" ಎಂದು ಬೀಡಾ ಚಾಚಿದ. ಮಾಮಾ ನಿಂತ. ಅತ್ತೆ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ್ರಿ. ನಾ ಬಿಟ್ಟೇನಿ."

ಕೈಮುಗಿದು ನಡೆದೇಬಿಟ್ಟ! ಗೆದ್ದ ನೋಡಿ, ನಮ್ಮ ಮಾಮಾ ಗೆದ್ದ! ಹುಬ್ಬಳ್ಳಿಯಲ್ಲಿ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಮಚ್ಚಿ ಹೋಗೇತ್ರಿ" ಎಂದಾಗ ನಾನು ಅಲ್ಲಿಯೇ ಚಪ್ಪಾಳೆ ತಟ್ಟಿ ನರ್ಸಮ್ಮನಿಂದ ಬೈಸಿಕೊಂಡೆ.

ಬರುವಾಗ ಬಸ್ಸಿನಲ್ಲಿ ಕಾಲೆಳೆದೆ: "ಎಲ್ಲಾ ಆಶೆ ಬಿಟ್ಟಂಗಾತಲ್ಲ ಮಾಮಾ, ಬುದ್ಧನ ಆಗಿಬಿಟ್ಟಿ!"

"ಒಂದು ಉಳದೈತಿ" ಎಂದ. ಪಕ್ಕದಲ್ಲಿ ಅತ್ತೆ ತೂಕಡಿಸುತ್ತಿದ್ದಳು. ಆಕೆಯ ತಲೆ ಕಿಟಕಿಗೆ ಬಡಿಯದಂತೆ ಅಂಗೈ ಅಡ್ಡ ಹಿಡಿದಿದ್ದ. "ಇಕಿ ಜೋಡಿ ಇನ್ನಷ್ಟು ವರ್ಷ ಇರಬೇಕು ಅನಸ್ತೈತಿ. ಇದೊಂದು ಬಿಡಾಕ ಆಗವಲ್ದು ನೋಡು."