ಆಟಿಕೆ ವಲಯ ನಿಯಮಾವಳಿ ಮತ್ತು ಕೆಂಪು ಬಸ್ಸಿನ ಒಂದು ಪ್ರಯಾಣ

ನಮ್ಮ ಮನೆಯ ನಡುಕೋಣೆಯಲ್ಲಿ ಮಕ್ಕಳು ಆಟಿಕೆಗಳೊಂದಿಗೆ ಎಲ್ಲಿ ಆಡತಕ್ಕದ್ದು ಎಂಬ ಬಗ್ಗೆ ಕಳೆದ ತಿಂಗಳಿನವರೆಗೆ ಯಾವುದೇ ನಿಯಮ ಜಾರಿಯಲ್ಲಿರಲಿಲ್ಲ. ಮಕ್ಕಳು ತಮಗೆ ತೋಚಿದಲ್ಲಿ ಆಡುತ್ತಿದ್ದರು. ಈ ಪರಿಸ್ಥಿತಿ ಒಂಬತ್ತು ವರ್ಷಗಳಿಂದ ಮುಂದುವರಿದಿತ್ತು ಎಂಬುದನ್ನು ವಿಷಾದದಿಂದ ದಾಖಲಿಸುತ್ತಿದ್ದೇನೆ.

ನನ್ನ ಹೆಂಡತಿ ಮನೆಯಲ್ಲೇ ಶಿಶುಪಾಲನಾ ಕೇಂದ್ರ ನಡೆಸುತ್ತಾಳೆ. ಬೆಳಿಗ್ಗೆ ಎಂಟೂವರೆಗೆ ಅಪ್ಪ ಅಮ್ಮಂದಿರು ಆರು ಮಕ್ಕಳನ್ನು ತಂದು ಬಿಡುತ್ತಾರೆ, ಸಂಜೆ ಐದೂವರೆಗೆ ಸಾಮಾನ್ಯವಾಗಿ ಅವೇ ಮಕ್ಕಳನ್ನು ಕರೆದೊಯ್ಯುತ್ತಾರೆ. ಮಕ್ಕಳು ಅವಳನ್ನು ದೊಡ್ಡಮ್ಮ ಎನ್ನುತ್ತವೆ. ಆ ಸಂಬಂಧದಿಂದ ನಾನು ದೊಡ್ಡಪ್ಪ. ನಾನು ವಾಹನ ನಿಲುಗಡೆ ಹಂಚಿಕೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಅಧೀಕ್ಷಕನಾಗಿ ನಿವೃತ್ತನಾದವನು. ನನ್ನ ಅವಧಿಯಲ್ಲಿ ಒಂದೇ ಒಂದು ವಾಹನವೂ ತನಗೆ ಮಂಜೂರಾದ ಜಾಗ ಬಿಟ್ಟು ಬೇರೆಡೆ ನಿಂತ ಉದಾಹರಣೆ ಇಲ್ಲ. ಯಾವ ವಾಹನಕ್ಕೂ ಜಾಗ ಮಂಜೂರಾಗಿರಲಿಲ್ಲ. ಇಂಥ ಅನುಭವ ಇದ್ದ ನನಗೆ ಮನೆಯಲ್ಲಿ ವಹಿಸಲಾಗಿದ್ದ ಕೆಲಸವೆಂದರೆ ಹನ್ನೊಂದು ಗಂಟೆಗೆ ಮಕ್ಕಳಿಗೆ ಬಾಳೆಹಣ್ಣು ಸುಲಿದು ಕೊಡುವುದು.

ಕೇಂದ್ರದ ಪರವಾನಗಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಸಲದ ಅರ್ಜಿಯಲ್ಲಿ ಹದಿನಾಲ್ಕನೆಯ ಕಾಲಂ ಹೊಸದಾಗಿ ಸೇರಿತ್ತು: "ಮಕ್ಕಳು ಆಟಿಕೆಗಳೊಂದಿಗೆ ಆಡುವ ಸ್ಥಳ ಯಾವುದು? ನಿಯಮದ ಪ್ರತಿ ಲಗತ್ತಿಸಿ." ನನ್ನ ಹೆಂಡತಿ ಅಲ್ಲಿ "ನೆಲ" ಎಂದು ಬರೆದು ಕಳಿಸಿದ್ದಳು. ಅರ್ಜಿ ವಾಪಸು ಬಂತು. ತಿಂಗಳ ಕೊನೆಯ ದಿನ ಪರಿವೀಕ್ಷಕಿ ಖುದ್ದು ಬರುವರು. ಅಂದು ಲಿಖಿತ ನಿಯಮ ಇಲ್ಲದಿದ್ದರೆ, ಅಥವಾ ಇದ್ದೂ ಅದರ ಪಾಲನೆ ಆಗದಿದ್ದರೆ, ಮರುದಿನದಿಂದ ಕೇಂದ್ರಕ್ಕೆ ಬೀಗ ಎಂದು ಜೊತೆಗೆ ಲಗತ್ತಿಸಿದ ಪತ್ರದಲ್ಲಿತ್ತು.

"ನೆಲದ ಮೇಲೆ ಆಡದೆ ಮಕ್ಕಳು ಗೋಡೆ ಮೇಲೆ ಆಡ್ತಾವೇನ್ರೀ?" ಎಂದು ಕೇಳಿದಳು ಅವಳು. ಕೇಳುತ್ತಾ ಕೇಳುತ್ತಾ ಅಳುವೇ ಬಂದುಬಿಟ್ಟಿತು. "ಬೀಗ ಹಾಕಿಬಿಟ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಈ ಮನೇಲಿ ನಾನೇನು ಮಾಡ್ಲಿ?"

"ನಾನಿದ್ದೀನಲ್ಲ" ಎಂದೆ.

ಅವಳು ಇನ್ನೂ ಜೋರಾಗಿ ಅತ್ತಳು. ಒಂಬತ್ತು ವರ್ಷ ಆ ಕೋಣೆಯಲ್ಲಿ ಮೂಗು ಒರೆಸಿ, ಜಡೆ ಹಾಕಿ, ಬಿದ್ದವರನ್ನು ಎತ್ತಿ ಸಾಕಾದವಳಿಗೆ ಆ ಗಲಾಟೆಯೇ ಉಸಿರು ಎಂಬುದು ನನಗೂ ಗೊತ್ತು. ಅಂದೇ ಬೀರುವಿನಿಂದ ನನ್ನ ಹಳೆಯ ಅಳತೆ ಟೇಪು ಹೊರತೆಗೆದೆ.

ಅಳೆದೂ ಸುರಿದೂ ನಡುಕೋಣೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದೆ. ಕಿಟಕಿಯ ಕೆಳಗೆ ವಾಹನ ವಲಯ. ಎದುರು ಗೋಡೆಗೆ ಅಡುಗೆ ಆಟದ ವಲಯ. ಬಾಗಿಲ ಬಲಕ್ಕೆ ಮರದ ತುಂಡುಗಳಿಗಾಗಿ ಕಟ್ಟಡ ವಲಯ, ಎಡಕ್ಕೆ ಬೊಂಬೆ ಮತ್ತು ಪ್ರಾಣಿಗಳ ವಲಯ. ಹಳದಿ ಅಂಟುಪಟ್ಟಿಯಿಂದ ಗಡಿ ಎಳೆದು, ವಲಯ ವಲಯಗಳ ನಡುವೆ ಒಂದೂವರೆ ಅಡಿ ತಟಸ್ಥ ಭೂಮಿ ಬಿಟ್ಟೆ. ಕೋಣೆಯ ಮಧ್ಯದಲ್ಲಿ ನನ್ನ ಮೇಜು ಹಾಕಿಸಿದೆ. ಮಕ್ಕಳಿಗೆ ಕಾಣುವಂತೆ ಎರಡು ಅಡಿ ಎತ್ತರದಲ್ಲಿ ಈ ಪ್ರಕಟಣೆಯನ್ನು ಅಂಟಿಸಲಾಯಿತು:

"ಈ ಮೂಲಕ ಸಮಸ್ತ ಮಕ್ಕಳಿಗೆ ತಿಳಿಯಪಡಿಸುವುದೇನೆಂದರೆ, ಯಾವುದೇ ಆಟಿಕೆಯೊಂದಿಗೆ ಅದಕ್ಕೆ ಗೊತ್ತುಪಡಿಸಿದ ವಲಯದಲ್ಲಿಯೇ ಆಡತಕ್ಕದ್ದು. ಚಕ್ರವಿರುವ ಸಕಲ ವಸ್ತುಗಳೂ ವಾಹನವೆಂದು ಪರಿಗಣಿಸಲ್ಪಡುತ್ತವೆ. ವಸ್ತುವನ್ನು ವಲಯದಿಂದ ಹೊರಗೆ ಒಯ್ಯಲು ಹೆಬ್ಬೆಟ್ಟು ಒತ್ತಿದ ಅರ್ಜಿ ಸಲ್ಲಿಸಿ, ಸಾಲಿನಲ್ಲಿ ನಿಂತು ಅನುಮತಿ ಪಡೆಯತಕ್ಕದ್ದು. ಕಚೇರಿ ವೇಳೆ: ಹತ್ತೂವರೆಯಿಂದ ಹನ್ನೊಂದು."

ಮಕ್ಕಳಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲವಾದ್ದರಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ನಿಯಮ ಸರ್ವಾನುಮತದಿಂದ ಜಾರಿಯಾಯಿತು.

ಮೊದಲ ತೊಡಕು ತಂದಿದ್ದು ಆನೆ. ಅದು ಮರದ ಆನೆ; ಕಾಲಿಗೆ ನಾಲ್ಕು ಚಕ್ರ. ಚಕ್ರದ ದೃಷ್ಟಿಯಿಂದ ಅದು ವಾಹನ, ಸೊಂಡಿಲಿನ ದೃಷ್ಟಿಯಿಂದ ಪ್ರಾಣಿ. ಐದು ವರ್ಷದ ಒಬ್ಬ ಹುಡುಗನಿದ್ದಾನೆ, ಯಾವ ಮಾತಿಗೂ "ಯಾಕೆ" ಎನ್ನದೆ ಬಿಡುವವನಲ್ಲ. ಅವನನ್ನು ನಾವು ಲಾಯರ್ ಎಂದೇ ಕರೆಯುವುದು.

"ಆನೆ ಹಾರ್ನ್ ಹೊಡೆಯತ್ತಾ ದೊಡ್ಡಪ್ಪ?" ಎಂದು ಕೇಳಿದ ಲಾಯರ್.

"ಘೀಳಿಡತ್ತೆ."

"ಹಂಗಾದ್ರೆ ಹೊಡೆಯತ್ತೆ" ಎಂದ.

ವಿಷಯ ಗಂಭೀರವಾಗಿದ್ದರಿಂದ ತೀರ್ಮಾನವಾಗುವವರೆಗೆ ಆನೆಯನ್ನು ತಟಸ್ಥ ಭೂಮಿಯಲ್ಲಿರಿಸಿ, ಯಾರೂ ಮುಟ್ಟದಂತೆ ಸುತ್ತ ಇನ್ನೊಂದು ಅಡಿ ಗಡಿ ಎಳೆದೆ. ಚೆಂಡಿನದು ಬೇರೆಯೇ ಕಥೆ. ಅದು ಯಾವ ವಲಯದಲ್ಲೂ ನಿಲ್ಲುತ್ತಿರಲಿಲ್ಲ. ಖಾಯಂ ವಿಳಾಸವಿಲ್ಲದ ವಸ್ತುವೆಂದು ಘೋಷಿಸಿ ಬೀರುವಿನ ಮೇಲಿಟ್ಟೆ. ಆಮೇಲೆ ಒಂದು ಮಗು ವಾಹನ ವಲಯದ ನೆಲದ ಮೇಲೆ ಬಳಪದಿಂದ ರಸ್ತೆ ಬರೆಯಿತು. ಮಂಜೂರಾಗದ ರಸ್ತೆ! ಕೂಡಲೇ ಒಂಬತ್ತನೆಯ ನಿಯಮ ಹೊರಡಿಸಿ, ಆ ವಲಯದಲ್ಲಿ ಪೆನ್ನು, ಪೆನ್ಸಿಲು, ಬಳಪ ಯಾವುದರಿಂದಲೂ ಬರೆಯಕೂಡದೆಂದು ಆಜ್ಞೆ ಮಾಡಿದೆ. ಬೊಂಬೆ ವಲಯದಲ್ಲೂ ಕಟ್ಟಡ ವಲಯದಲ್ಲೂ ಮುಂಜಾಗ್ರತೆಯಾಗಿ ಅದೇ ನಿಷೇಧ. ಅಡುಗೆಗೆ ಯಾರೂ ಪೆನ್ನು ಬಳಸುವುದಿಲ್ಲವೆಂದು ಅದೊಂದನ್ನು ಬಿಟ್ಟೆ.

ಮಕ್ಕಳು ಆಟ ಬಿಟ್ಟು ಸಾಲಿಗೆ ಬಂದವು. ಹೆಬ್ಬೆಟ್ಟು ಒತ್ತುವುದೆಂದರೆ ಅವಕ್ಕೆ ಪಂಚಪ್ರಾಣ. ಒಂದೇ ದಿನ ನಲವತ್ತು ಅರ್ಜಿ ಬಂದವು, ಗೋಡೆಯ ಮೇಲೂ ಕೆಲವು ಸಲ್ಲಿಕೆಯಾದವು. ಲಾಯರ್ ಬೆಳಿಗ್ಗೆಯೇ ಬಂದು ಸಾಲಿನ ಮುಂದೆ ಜಾಗ ಹಿಡಿದು, ಬಿಸ್ಕತ್ತು ಕೊಟ್ಟವರಿಗೆ ಅದನ್ನು ಬಿಟ್ಟುಕೊಡುತ್ತಿದ್ದ. ಅದರಲ್ಲಿ ನನಗೂ ಪಾಲಿತ್ತೆಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಶುದ್ಧ ಸುಳ್ಳು. ಬಿಸ್ಕತ್ತು ನನ್ನ ಮೇಜಿನ ಮೇಲೆ ಇರುತ್ತಿತ್ತು, ಕಚೇರಿ ಸ್ವಚ್ಛವಾಗಿರಲೆಂದು ತಿನ್ನುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಕಾಟ ಕೊಟ್ಟವಳು ಬಸ್ಸಮ್ಮ. ಮೂರೂವರೆ ವರ್ಷದ ಹುಡುಗಿ. ಕೆಂಪು ತಗಡಿನ ಬಸ್ಸೊಂದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟದ ಕಾರಣ ಆ ಹೆಸರು ನಿಂತಿದೆ. ಅವಳ ಬೇಡಿಕೆ ಒಂದೇ.

"ಬಸ್ಸಿಗೆ ಊಟದ ಹೊತ್ತಾಯ್ತು. ಹೋಟ್ಲಿಗೆ ಹೋಗ್ಬೇಕು."

ಹೋಟೆಲೆಂದರೆ ಅಡುಗೆ ವಲಯ. ವಾಹನ ವಲಯದಿಂದ ಅಲ್ಲಿಗೆ ಒಂದು ತಟಸ್ಥ ಭೂಮಿ, ಒಂದು ಆನೆ ದಾಟಬೇಕು. ನಾನು ಅರ್ಜಿಯನ್ನು ಕಟ್ಟಡ ವಲಯದ ಅಭಿಪ್ರಾಯಕ್ಕೆ ಕಳಿಸಿದೆ. ಅಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಸಾಲಿನಲ್ಲಿದ್ದರು. ಹಾಗಾಗಿ ಅಭಿಪ್ರಾಯ ಬರಲಿಲ್ಲ. ಬಸ್ಸಮ್ಮ ಒಂಬತ್ತು ದಿನ, ದಿನಕ್ಕೊಂದು ಅರ್ಜಿಯಂತೆ, ಬಸ್ಸನ್ನು ಅದರ ವಲಯದಲ್ಲೇ ಬಿಟ್ಟು ಬಂದಳು. ಒಮ್ಮೆಯೂ ಅಳಲಿಲ್ಲ. ಪ್ರತಿ ಸಲವೂ "ನಾಳೆ ಬಾ" ಎನ್ನುತ್ತಿದ್ದೆ, ಅವಳು "ಆಯ್ತು" ಎಂದು ವಾಪಸು ಹೋಗಿ ಬಸ್ಸಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಹತ್ತನೆಯ ದಿನ ನನಗೇ ನಾಚಿಕೆಯಾಯಿತು. ಕೆಂಪು ಬಸ್ಸು ಪ್ರಯಾಣಿಕರು ಅಥವಾ ಸರಕಿನೊಂದಿಗೆ ಅಡುಗೆ ವಲಯಕ್ಕೆ ಅಂದೇ, ಒಂದೇ ಒಂದು ಸಲ, ಹೋಗುವ ದಿಕ್ಕಿನಲ್ಲಿ ಮಾತ್ರ ಸಂಚರಿಸಬಹುದೆಂದು ಅನುಮತಿ ಬರೆದು ಸಹಿ ಹಾಕಿಕೊಟ್ಟೆ. ಅಂದು ತಿಂಗಳ ಕೊನೆಯ ದಿನ. ಆ ಶಾಯಿ ಒಣಗುವ ಮೊದಲೇ ಪರಿವೀಕ್ಷಕಿ ಬಾಗಿಲು ತಟ್ಟಿದರು.

ದಪ್ಪ ಕನ್ನಡಕ, ಹಿಂದೆ ಎಳೆದುಕೊಂಡು ಬಂದ ದೊಡ್ಡ ಚೀಲ. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಕರೆದಳು. ಪರಿವೀಕ್ಷಕಿ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ, ಬಗ್ಗಿ, ಎರಡು ಸಲ ಓದಿದರು. ಗಡಿಗಳನ್ನು ನೋಡಿದರು. ಸಾಲಿನಲ್ಲಿ ನಿಂತ ಮಕ್ಕಳನ್ನು ನೋಡಿದರು. ಒಂದು ಮಗುವೂ ಆಡುತ್ತಿರಲಿಲ್ಲ.

"ಇಷ್ಟು ವರ್ಷದಲ್ಲಿ ಇಂಥ ಶಿಸ್ತು ನಾನು ನೋಡಿಲ್ಲ ಸಾರ್" ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಪ್ರಕಟಣೆಯ ಕೆಳಗೆ "ಪರಿಶೀಲಿಸಲಾಗಿದೆ, ದೊಡ್ಡವರು ಚಿಕ್ಕವರೆನ್ನದೆ ಸರ್ವರಿಗೂ ಅನ್ವಯ" ಎಂದು ಬರೆದು ಸಹಿ ಮಾಡಿದರು. "ಪರವಾನಗಿ ಪತ್ರ ತಗೊಂಡೇ ಬಂದಿದ್ದೀನಿ. ಚೀಲದಲ್ಲಿದೆ. ಒಂದು ಸಹಿ, ಒಂದು ಮೊಹರು, ಮುಗೀತು."

ಅವರು ತಿರುಗಿ ನೋಡಿದಾಗ ಚೀಲ ಅಲ್ಲಿರಲಿಲ್ಲ. ಲಾಯರ್ ಅದನ್ನು ದರದರ ಎಳೆದೊಯ್ದು ವಾಹನ ವಲಯದಲ್ಲಿ ನಿಲ್ಲಿಸಿದ್ದ.

"ಚಕ್ರ ಇದೆ" ಎಂದ.

ಚಕ್ರ ಇತ್ತು. ಎರಡು. ಪರಿವೀಕ್ಷಕಿ ಒಂದು ಹೆಜ್ಜೆ ಮುಂದಿಟ್ಟು, ತಮ್ಮದೇ ಸಹಿಯ ಕಡೆ ನೋಡಿ, ಹೆಜ್ಜೆ ಹಿಂತೆಗೆದರು. ವಾಹನ ವಲಯದೊಳಗೆ ಹೋಗಿ ಚೀಲ ತೆರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಅಲ್ಲಿ ಸಹಿ ಮಾಡುವಂತಿಲ್ಲ, ಒಂಬತ್ತನೆಯ ನಿಯಮ. ಪತ್ರವನ್ನು ಹೊರಗೆ ತರಲು ಅನುಮತಿ ಬೇಕು. ಅವರು ಹೆಬ್ಬೆಟ್ಟು ಒತ್ತಿ ಸಾಲಿನ ಕೊನೆಯಲ್ಲಿ ನಿಂತರು. ಅವರ ಮುಂದೆ ನಾಲ್ಕು ಮಕ್ಕಳಿದ್ದವು. ಲಾಯರ್ ಬಿಸ್ಕತ್ತು ಕೇಳಿದ; ಅವರ ಬಿಸ್ಕತ್ತೂ ಚೀಲದಲ್ಲೇ ಇತ್ತು. ಸರದಿ ಬರುವಷ್ಟರಲ್ಲಿ ಹನ್ನೊಂದು ಹೊಡೆಯಿತು.

"ನಾಳೆ ಬನ್ನಿ" ಎಂದೆ.

"ರೀ!" ಎಂದಳು ನನ್ನ ಹೆಂಡತಿ. "ಇವತ್ತೇ ಕಡೇ ದಿನ! ಪರವಾನಗಿ ಅಲ್ಲೇ ಐದು ಮಾರು ದೂರದಲ್ಲಿ ಬಿದ್ದಿದೆ. ಎತ್ಕೊಂಡು ಬನ್ನಿ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?"

"ಎತ್ತಿಕೊಂಡು ಬಂದರೆ ನಿಯಮ ಮುರಿದಂತೆ. ನಿಯಮ ಮುರಿದರೆ ಪಾಲನೆ ಇಲ್ಲ. ಪಾಲನೆ ಇಲ್ಲದಿದ್ದರೆ ಪರವಾನಗಿ ಇಲ್ಲ."

"ಸಾರ್ ಹೇಳೋದು ಸರಿಯಾಗಿದೆ ಅಮ್ಮ" ಎಂದರು ಪರಿವೀಕ್ಷಕಿ, ಅಳುವ ದನಿಯಲ್ಲಿ.

ನನ್ನ ಹೆಂಡತಿ ಗೋಡೆಗೊರಗಿ ಕುಸಿದು ಕೂತು ಆರು ಮಕ್ಕಳನ್ನೂ ಒಂದೊಂದಾಗಿ ನೋಡಿದಳು, ನಾಳೆಯಿಂದ ಕಾಣುವುದಿಲ್ಲವೇನೋ ಎನ್ನುವ ಹಾಗೆ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ನಿಯಮದಲ್ಲಿ ಒಂದು ತೂತು ಸಿಗಲಿ ದೇವರೇ ಎಂದು ಬೇಡಿಕೊಂಡೆ.

ಆಗ ಬಸ್ಸಮ್ಮ ವಾಹನ ವಲಯದಿಂದ ಕೂಗಿದಳು. "ಬಸ್ ಹೊರಡತ್ತೆ! ಹೋಟ್ಲು, ಹೋಟ್ಲು, ಹೋಟ್ಲು! ಯಾರ್ ಬರ್ತೀರಾ?"

ಪರಿವೀಕ್ಷಕಿ ನನ್ನನ್ನು ನೋಡಿದರು, ನಾನು ಅವರನ್ನು. ಪ್ರಯಾಣಿಕರು ಅಥವಾ ಸರಕು. ಅವರು ಓಡಿಹೋಗಿ ಚೀಲ ತೆರೆದು, ಪರವಾನಗಿ ಪತ್ರವನ್ನು ಸುರುಳಿ ಸುತ್ತಿ, ಮೊಹರಿನ ಡಬ್ಬಿಯ ಜೊತೆ ಬಸ್ಸಿನ ಮುಂದೆ ಹಿಡಿದರು.

"ಇದು ಊಟ ಮಾಡತ್ತಾ?" ಬಸ್ಸಮ್ಮ ಅನುಮಾನದಿಂದ ಕೇಳಿದಳು. "ಊಟ ಮಾಡೋರಿಗೆ ಮಾತ್ರ ಈ ಬಸ್ಸು."

"ಮಾಡತ್ತೆ ಪುಟ್ಟಿ. ಹೊಟ್ಟೆ ತುಂಬಾ ಮಾಡತ್ತೆ."

"ಹಸಿವಾಗಿದ್ಯಾ?" ಎಂದು ಅವಳು ಪತ್ರವನ್ನೇ ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಡಬ್ಬಿಯ ಸಮೇತ ಬಸ್ಸಿನ ಕಿಟಕಿಯಿಂದ ಒಳಗೆ ತೂರಿಸಿದಳು. ಬಸ್ಸು ಹೊರಟಿತು. ಆನೆಯ ಹತ್ತಿರ ಹಾರ್ನ್ ಹಾಕಿತು, ಅದು ಅಲುಗದಿದ್ದುದರಿಂದ ಬಳಸಿಕೊಂಡು ಹೋಯಿತು. ನಾವೆಲ್ಲ ಉಸಿರು ಬಿಗಿಹಿಡಿದು ಗಡಿಯುದ್ದಕ್ಕೂ ಜೊತೆಗೆ ನಡೆದೆವು. ಅಡುಗೆ ವಲಯದಲ್ಲಿ ಬಸ್ಸಮ್ಮ ಪತ್ರವನ್ನು ಇಳಿಸಿ, ಖಾಲಿ ತಟ್ಟೆ ಇಟ್ಟು ಮೂರು ತುತ್ತು ಬಡಿಸಿ, ಸಾಕಾ ಎಂದು ವಿಚಾರಿಸಿ, ಅದರ ಬಾಯಿ ಒರೆಸಿದ ಮೇಲೆಯೇ ಬಿಟ್ಟುಕೊಟ್ಟಿದ್ದು. ಪರಿವೀಕ್ಷಕಿ ಆಟದ ಒಲೆಯನ್ನೇ ಮೇಜು ಮಾಡಿಕೊಂಡು ಸಹಿ ಹಾಕಿ ಮೊಹರು ಒತ್ತಿದರು. ನನ್ನ ಹೆಂಡತಿ ಬಸ್ಸಮ್ಮನನ್ನು ಬಾಚಿ ತಬ್ಬಿಕೊಂಡಳು. ನನ್ನನ್ನು ತಬ್ಬಿಕೊಳ್ಳಲಿಲ್ಲ, ನಾನು ಕಟ್ಟಡ ವಲಯದಲ್ಲಿದ್ದೆ.

ಪರವಾನಗಿ ಈಗ ಗೋಡೆಯ ಮೇಲಿದೆ, ಮೂರು ವರ್ಷಕ್ಕೆ ಯೋಚನೆಯಿಲ್ಲ. ಬಸ್ಸಿಗೆ ವಾಪಸು ಬರುವ ಅನುಮತಿ ಇಲ್ಲವಾದ್ದರಿಂದ ಅದು ಹೋಟೆಲಿನಲ್ಲೇ ಉಳಿದಿದೆ, ಬಸ್ಸಮ್ಮನಿಗೂ ಅದೇ ಬೇಕಾಗಿತ್ತು. ಪರಿವೀಕ್ಷಕಿಯ ಚೀಲ ಮಾತ್ರ ವಾಹನ ವಲಯದಲ್ಲಿದೆ. ಅದರ ಅರ್ಜಿಯನ್ನು ಕಟ್ಟಡ ವಲಯದ ಅಭಿಪ್ರಾಯಕ್ಕೆ ಕಳಿಸಿದ್ದೇನೆ. ಅವರು ದಿನಾ ಬೆಳಿಗ್ಗೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ, ಹನ್ನೊಂದಕ್ಕೆ ಬಾಳೆಹಣ್ಣು ತಿನ್ನುತ್ತಾರೆ, ಮಧ್ಯಾಹ್ನ ಮಕ್ಕಳ ಜೊತೆ ಮಲಗುತ್ತಾರೆ. ಹಠ ಮಾಡುವುದಿಲ್ಲ. ಸಂಜೆ ಅವರ ಯಜಮಾನರು ಬಂದು ಕರೆದೊಯ್ಯುವಾಗ "ಇವತ್ತು ಊಟ ಸರಿಯಾಗಿ ಮಾಡಿದ್ಲಾ?" ಎಂದು ನನ್ನ ಹೆಂಡತಿಯನ್ನು ವಿಚಾರಿಸುತ್ತಾರೆ. ಪ್ರತಿದಿನವೂ ಪರಿವೀಕ್ಷಣೆಗೊಳಗಾಗುವ ಏಕೈಕ ಕೇಂದ್ರವೆಂದು ಇಲಾಖೆ ನಮಗೆ ಪ್ರಶಂಸಾ ಪತ್ರ ಕಳಿಸಿದೆ.

ನಿನ್ನೆ ಅವರನ್ನು ಹುಡುಕಿಕೊಂಡು ಅವರ ಮೇಲಧಿಕಾರಿಯೇ ಬಂದರು. ಮಂಡಿನೋವಿನ ಮನುಷ್ಯ, ಚಕ್ರವಿರುವ ಊರುಗೋಲು ತಳ್ಳಿಕೊಂಡು ಬಂದಿದ್ದರು. ಈಗ ಸಾಲಿನಲ್ಲಿ ಲಾಯರ್‌ನ ಹಿಂದೆ ಗೋಡೆ ಹಿಡಿದು ನಿಂತಿದ್ದಾರೆ. ಅವರಿಗೂ ಒಂದು ಚಾಪೆ ತರಬೇಕು ಕಣ್ರೀ ಎಂದು ನನ್ನ ಹೆಂಡತಿ ಹೇಳಿದ್ದಾಳೆ; ಸಂಜೆ ತರುತ್ತೇನೆ.