ಮೊಮ್ಮಗನ ಫೋಟೋಕ್ಕೆ ಹಾಕಿದ ಹಾರ

ಸಂತೋಷವನ್ನು ತಡೆದುಕೊಳ್ಳುವುದೂ ಒಂದು ವಿದ್ಯೆಯೇ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆ ಪಾಠ ಮೂರನೆಯದರಲ್ಲಿತ್ತೋ ಏನೋ, ನನಗೆ ದಕ್ಕಲಿಲ್ಲ. ದುಃಖವಾದರೆ ಮೂಲೆಯಲ್ಲಿ ಕೂತು ಬೀಡಿ ಸೇದಿ ಹೇಗೋ ಸಾಗಿಸುತ್ತೇನೆ. ಸಂತೋಷವಾಯಿತೆಂದರೆ ಮಾತ್ರ ಕೈಗಳು ಸುಮ್ಮನಿರುವುದಿಲ್ಲ, ಏನಾದರೊಂದು ಮಾಡಿಬಿಡುತ್ತವೆ. ಈ ಸಲ ಏನು ಮಾಡಿದವು ಅಂತ ಕೇಳಿದರೆ ನೀವು ನನ್ನನ್ನು ಬೈಯುತ್ತೀರಿ. ಬೈಯಿರಿ. ಸೊಸೆ ಬೈಯಲಿಲ್ಲ, ನನಗೆ ಅದೇ ಹೆಚ್ಚು ಕಷ್ಟವಾಗಿದೆ.

ಮೊಮ್ಮಗ ಮಂಜ ಮಿಲಿಟರಿ ಟ್ರೇನಿಂಗ್ ಮುಗಿಸಿದ. ಅವನಪ್ಪ, ಅಂದರೆ ನನ್ನ ಮಗ ಈರಪ್ಪ, ವಾಸ್ಕೋದ ಬಂದರದಲ್ಲಿ ನನ್ನ ಜೊತೆಗೇ ಹಮಾಲಿ ಮಾಡುತ್ತಿದ್ದವನು, ಒಂದು ದಿನ ಹಡಗಿನ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಬಾಯ್ನಾದ ಸಮುದ್ರದಂಡೆಯಲ್ಲಿದ್ದ ನಮ್ಮ ಮನೆಯನ್ನೂ ಸರಕಾರದವರು ಕೆಡವಿದರು. ಗುಡ್ಡದ ಮೇಲಿನ ಬಾಡಿಗೆ ಖೋಲಿಗೆ ಬಂದಾಗ ನಮ್ಮ ಜೊತೆ ಬಂದದ್ದು ಒಂದು ಪೆಟ್ಟಿಗೆ ಮತ್ತು ಈರಪ್ಪನ ಫೋಟೋ. ಹೀಗಿರುವಾಗ ಮಂಜ ಸೈನ್ಯಕ್ಕೆ ಸೇರುತ್ತೇನೆ ಅಂದ. ಸೊಸೆ ರೇಣವ್ವ ಒಂದೇ ಮಾತು ಹೇಳಿದಳು: “ಒಬ್ಬನ್ನ ಬಂದರಕ್ಕ ಕೊಟ್ಟೇನ್ರಿ ಮಾವಾರ. ಇವನ್ನ ಯಾರಿಗೂ ಕೊಡಂಗಿಲ್ಲ.” ನಾನು ತಲೆ ಅಲ್ಲಾಡಿಸಿ, ಮರುದಿನ ಅವಳಿಗೆ ಹೇಳದೆ ಹುಡುಗನನ್ನು ಭರ್ತಿಗೆ ಕರೆದುಕೊಂಡು ಹೋದೆ. ಅವನು ಆಯ್ಕೆಯಾಗಿ ಹೋದ ಮೇಲೆ ಒಂಬತ್ತು ತಿಂಗಳು ಅವಳು ನನಗೆ ರೊಟ್ಟಿ ಬಡಿದು ಕೊಟ್ಟಳು, ಮಾತು ಕೊಡಲಿಲ್ಲ.

ಬೆಳಗಾವಿಯಲ್ಲಿ ಪ್ರಮಾಣ ಮಾಡಿಸುವ ಪರೇಡಿಗೆ ಇಬ್ಬರೂ ಹೋದೆವು. ಎಲ್ಲ ಹುಡುಗರ ತಲೆ ಬೋಳಿಸಿ ಒಂದೇ ಅಚ್ಚಿನಲ್ಲಿ ತೆಗೆದಂತೆ ಮಾಡಿದ್ದರು. ಮುಂದಿನ ಸಾಲಿನ ಒಬ್ಬನನ್ನು ನೋಡಿ ನಾನು ಅರ್ಧ ತಾಸು ಅತ್ತೆ. ಆಗ ರೇಣವ್ವ ಬಾಯಿ ಬಿಟ್ಟಳು: “ಅವ ಅಲ್ರಿ. ಮೂರನೇ ಸಾಲಿನ್ಯಾಗ ಅದಾನ. ಅವರಪ್ಪನಂಗ ಹೆಗಲ ಎತ್ತಿ ನಡೀತಾನ, ಕಾಣವಲ್ದೇನು?” ಒಂಬತ್ತು ತಿಂಗಳ ಮೇಲಿನ ಮೊದಲ ಮಾತು. ಯಾರ ಮೊಮ್ಮಗನಿಗೋ ಸುರಿಸಿದ ಕಣ್ಣೀರನ್ನು ವಾಪಸು ಪಡೆಯಲಾಗುವುದಿಲ್ಲವಲ್ಲ, ಉಳಿದದ್ದನ್ನು ಮಂಜನಿಗೆ ಸುರಿಸಿದೆ. ಕೊನೆಗೆ ಸಾಹೇಬರೊಬ್ಬರು ಬಂದು ತಾಯಿತಂದೆಯರ ಎದೆಗೆ ಪದಕ ಚುಚ್ಚಿದರು. ಈರಪ್ಪನ ಪಾಲಿನದು ನನಗೆ ಬಂತು. ಮೂರು ದಿನ ಆ ಅಂಗಿ ಕಳಚಲಿಲ್ಲ. ಬೋರಲು ಮಲಗಿದರೆ ಚುಚ್ಚುತ್ತಿತ್ತು, ಅದೂ ಹಿತವಾಗಿತ್ತು.

ಮಂಜ ರಜೆಗೆ ಬಂದು, ಹಿಮ ಬೀಳುವ ಕಡೆಗೆ ಹೊರಟ ದಿನ ಓಣಿಯವರೆಲ್ಲ ಸೇರಿ ಅವನಿಗೆ ಚೆಂಡುಹೂವಿನ ಹಾರ ಹಾಕಿದರು. ರೈಲು ಹತ್ತುವ ಮೊದಲು ಅವನು ಅದನ್ನು ನನ್ನ ಕೊರಳಿಗೆ ಹಾಕಿದ. ಎಂಟು ದಿನ ಬಿಟ್ಟು, ದೊಡ್ಡದು ಮಾಡಿಸಲು ಕೊಟ್ಟಿದ್ದ ಅವನ ವರ್ದಿಯ ಫೋಟೋ ಕಟ್ಟು ಹಾಕಿಸಿಕೊಂಡು ಬಂತು. ರೇಣವ್ವ ಫ್ಲ್ಯಾಟುಗಳ ಕಸಮುಸುರೆಗೆ ಹೋಗಿದ್ದಳು. ಕ್ಯಾಲೆಂಡರ್ ತೆಗೆದು, ಅದೇ ಮೊಳೆಗೆ, ಈರಪ್ಪನ ಪಕ್ಕದಲ್ಲೇ ಮಂಜನನ್ನು ತೂಗುಹಾಕಿದೆ. ಈರಪ್ಪನ ಫೋಟೋಕ್ಕೆ ಗಂಧದ ಹಾರವಿತ್ತು. ಅಪ್ಪನ ಪಕ್ಕದಲ್ಲಿ ಮಂಜ ಬರಿಗೊರಳಲ್ಲಿ ನಿಂತದ್ದು ಸರಿ ಕಾಣಲಿಲ್ಲ. ಬಾಡಿದ್ದರೂ ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದ ಚೆಂಡುಹೂವನ್ನು ಅವನಿಗೆ ಹಾಕಿದೆ. ಹಿಂದೆ ಸರಿದು ನಿಂತು ನೋಡಿದೆ. ಅವನ ಕೊರಳು ತುಂಬಿತ್ತು. ಹಾರ ಹಾಕಿದ ಫೋಟೋ ಅಂದರೆ ಏನೆಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆ ಹೊತ್ತಿಗೆ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಸಾವರ್ಡೆಯಿಂದ ಹುಸೇನಸಾಬ ಬಂದ. ನಮ್ಮೂರವನೇ, ಅದಿರಿನ ಟ್ರಕ್ಕು ಓಡಿಸುತ್ತಿದ್ದ ಹಳೆಯ ಗೆಳೆಯ. ಗೋಡೆ ನೋಡಿದವನೇ ಕುಸಿದು ಕೂತ.

“ಯಾವಾಗ ಆತೋ?”

“ಹೋಗಿ ಎಂಟ ದಿನ ಆತ ನೋಡು.”

“ನನಗ ಒಂದ ಮಾತ ತಿಳಸಬಾರದಾಗಿತ್ತ?”

“ಗಡಿಬಿಡಿಯಾಗ ಆಗಲಿಲ್ಲೋ. ತಗೋ, ಪೇಢೆ ತಿನ್ನು.”

ಅವನು ಪೇಢೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ತಲಿ ನೆಟ್ಟಗೈತಿಲ್ಲೋ ನಿಂದು?” ಅನ್ನುವಷ್ಟರಲ್ಲಿ ರೇಣವ್ವ ಕಾಯಿಪಲ್ಲೆಯ ಚೀಲ ಹಿಡಿದು ಒಳಗೆ ಬಂದಳು. ಹುಸೇನಸಾಬ ಎದ್ದು ಕೈಮುಗಿದ. “ಧೈರ್ಯ ತಗೋಬೇಕ ತಂಗೀ. ದೇಶಕ್ಕ ಕೊಟ್ಟ ಮಗಾ.”

ಅವಳು ಅವನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. ಚೀಲ ಬಿತ್ತು. ಟೊಮೆಟೊ ಮಂಚದ ಕೆಳಗೆಲ್ಲ ಉರುಳಿದವು. “ಇಲ್ಲವಾ, ಮಂಜ ಆರಾಮ ಅದಾನ! ಹಾರ ನಾ ಹಾಕೇನಿ, ನಾನಽ!” ಅಂತ ನಾನು ಕೂಗಿಕೊಂಡೆ. ಅವಳಿಗೆ ನಂಬಿಕೆ ಬರಲಿಲ್ಲ. ಹೇಗೆ ಬಂದೀತು? ಹಿಂದೊಮ್ಮೆ ತಲೆ ಅಲ್ಲಾಡಿಸಿ, ಅವಳಿಗೆ ಗೊತ್ತಿಲ್ಲದೆ ಹುಡುಗನನ್ನು ಭರ್ತಿಗೆ ಒಯ್ದವನು ನಾನೇ ಅಲ್ಲವೇ? “ಅವನ ದನಿ ಕೇಳಸ್ರಿ ಮೊದಲ” ಅಂದಳು.

ಮೂವರೂ ಎಸ್‌ಟಿಡಿ ಅಂಗಡಿಗೆ ಓಡಿದೆವು. ಮಂಜನ ಕ್ಯಾಂಪಿನಲ್ಲಿ ಹಿಂದಿಯವನೊಬ್ಬ ಫೋನ್ ಎತ್ತಿ, ಕರೆಸುತ್ತೇನೆ, ಆಮೇಲೆ ಮಾಡಿ ಅಂದ. ಆ ಆಮೇಲೆ ಎಷ್ಟು ಉದ್ದವಿತ್ತೆಂದು ಹೇಳಲಾರೆ. ಹುಸೇನಸಾಬ ಒಂದೇ ಸಮ ನನ್ನನ್ನು ಬೈಯುತ್ತಿದ್ದ, ಅದಷ್ಟೇ ನನಗೆ ಆಸರೆ. ಕಡೆಗೆ ಮಂಜನ ದನಿ ಬಂತು: “ಯವ್ವಾ, ಊಟ ಆತಿಲ್ಲೋ?” ಮುಂಜಾನೆಯಿಂದ ನೀರೂ ಕುಡಿಯದವಳು “ಆತಪಾ” ಅಂದು ಫೋನ್ ಇಟ್ಟಳು.

ಮನೆಗೆ ಬಂದು ಫೋಟೋ ಇಳಿಸಿ, ತನ್ನ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಈರಪ್ಪನ ಪಕ್ಕದ ಮೊಳೆ ಖಾಲಿಯಾಯಿತು. ಕ್ಯಾಲೆಂಡರ್ ತಿರುಗಿ ಹಾಕಲು ಅವಳು ಬಿಡಲಿಲ್ಲ, ಮೊಳೆ ಕೀಳಲೂ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಅದನ್ನೇ ನೋಡುತ್ತಿದ್ದಳು. ನಾಲ್ಕು ದಿನ ನೋಡಿದೆ. ಐದನೆಯ ದಿನ ಸ್ನಾನ ಮಾಡಿ, ಪದಕ ಚುಚ್ಚಿಕೊಂಡು ಸ್ಟುಡಿಯೋಕ್ಕೆ ಹೋದೆ. ಕಟ್ಟು ಹಾಕಿಸಿ ತಂದು ಆ ಮೊಳೆಗೆ ನನ್ನನ್ನೇ ತೂಗುಹಾಕಿದೆ.

“ಇದೇನ್ರಿ ಮಾವಾರ?” ಅಂದಳು ರೇಣವ್ವ.

“ಈ ಮೊಳಿಗೆ ಮುಂದಿನ ಪಾಳಿ ನಂದವಾ. ನನ್ನ ಹಿಂದ ನಿಂತವ ಒಬ್ಬ ಮುಂದ ಹೋದ. ಇನ್ನ ಯಾರನ್ನೂ ಬಿಡಂಗಿಲ್ಲ.”

ಅವಳು ಸೆರಗನ್ನು ಬಾಯಿಗೆ ಹಿಡಿದಳು. ನಕ್ಕಳೋ ಅತ್ತಳೋ ನಾನು ಇಣುಕಿ ನೋಡಲಿಲ್ಲ. ಆದರೆ ಆ ದಿನ ರೊಟ್ಟಿಯ ಜೊತೆ “ಇನ್ನೊಂದ ಹಾಕ್ಲೇನ್ರಿ?” ಅಂತ ಮಾತೂ ಬಂತು.

ಈಗ ಮನೆಗೆ ಬಂದವರು ಗೋಡೆ ನೋಡಿ, ಆಮೇಲೆ ಚಹಾ ತಂದುಕೊಡುವ ನನ್ನನ್ನು ನೋಡಿ ಬೆಚ್ಚುತ್ತಾರೆ. ಹುಸೇನಸಾಬ ಮಾತ್ರ ಬಂದಾಗಲೆಲ್ಲ “ಹಾರ ಯಾವಾಗ್ಲೋ?” ಅಂತ ಕೇಳುತ್ತಾನೆ. ಮಂಜ ಒಮ್ಮೆ ರಜೆಗೆ ಬಂದು ಹೋಗಲಿ, ನೋಡೋಣ ಅಂದಿದ್ದೇನೆ. ಆಮೇಲೂ ಕೇಳಿದರೆ ಅವನ ಮುಂದಿನ ರಜೆ ಇದ್ದೇ ಇದೆ.